ಹೆಸರಿಲ್ಲದ ಫಾತಿಹಾ

ವೆಂಕಟರಾಮು ಫೋನ್ ಮಾಡಿ ಸನ್ಮಾನದ ಮಾತೆತ್ತಿದಾಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

"ಮೇಷ್ಟ್ರೇ, ಈ ಸಲ ರಾಜ್ಯೋತ್ಸವಕ್ಕೆ ನಿಮ್ಗೇ ಸನ್ಮಾನ. ಸ್ವಾತಂತ್ರ್ಯ ಹೋರಾಟಗಾರರ ಮಗನ್ನ ನಮ್ ಮಧ್ಯಾನೇ ಇಟ್ಕೊಂಡು ನಮಗೆ ಗೊತ್ತೇ ಇರ್ಲಿಲ್ವಲ್ಲ! ಪೇಟ ಮೈಸೂರಿಂದಾನೇ ತರಿಸ್ತಿದೀನಿ, ಬೇಡ ಅನ್ನಂಗಿಲ್ಲ" ಎಂದ.

ವೆಂಕಟರಾಮು ಹಾಫ್‌ಮನ್ ಎಸ್ಟೇಟ್ಸ್ ಕಡೆಯ ಕನ್ನಡ ಸಂಘದ ಅಧ್ಯಕ್ಷ. ಒಳ್ಳೆಯ ಮನುಷ್ಯ. ಆದರೆ ವರ್ಷಕ್ಕೆ ಒಬ್ಬರಿಗಾದರೂ ಶಾಲು ಹೊದಿಸಿ ಪೇಟ ಇಡದಿದ್ದರೆ ಅವನಿಗೆ ಉಂಡ ಅನ್ನ ಅರಗುವುದಿಲ್ಲ. ನಾನು ಚಿಂತಾಮಣಿಯಲ್ಲಿ ಮೂವತ್ತೊಂದು ವರ್ಷ ಕನ್ನಡ ಮೇಷ್ಟ್ರಾಗಿದ್ದ ಸತ್ತಾರ್. ಈಗ ಹೆಂಡತಿ ಬೀಬಿ ಜಾನ್ ಜೊತೆ ಅಮೆರಿಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಮಗ ಶಾಕಿರನ ಮನೆಯಲ್ಲಿದ್ದೇನೆ. ನಮ್ಮಪ್ಪನ ಕಥೆ ವೆಂಕಟರಾಮುವಿಗೆ ಮುಟ್ಟಿದ್ದು ನನ್ನ ಮೊಮ್ಮಗಳು ಅರೀಬಾಳ ಸ್ಕೂಲ್ ಪ್ರಾಜೆಕ್ಟಿನಿಂದ.

ವಸಾಹತು ಆಳ್ವಿಕೆಯ ವಿರುದ್ಧ ನಡೆದ ಒಂದು ಸ್ವಾತಂತ್ರ್ಯ ಯುದ್ಧ. ಅದರ ಕಾರಣ, ಅದರ ಜನ, ಅದರ ಪರಿಣಾಮ. ಇದು ಅವಳಿಗೆ ಕೊಟ್ಟ ವಿಷಯ. ಕ್ಲಾಸಿನವರೆಲ್ಲ ಅಮೆರಿಕದ ಯುದ್ಧವನ್ನೇ ಹಿಡಿದುಕೊಂಡರೆ ಇವಳು ಇಂಡೋನೇಷ್ಯಾದ್ದನ್ನು ಆರಿಸಿಕೊಂಡಳು. ಮೂರು ಮಡಿಕೆಯ ದೊಡ್ಡ ಬೋರ್ಡು ಮಾಡಿದಳು. ಮೊದಲ ಭಾಗದಲ್ಲಿ ಕಾರಣ: ೧೯೪೫ರಲ್ಲಿ ಜಪಾನಿನವರು ಸೋತರು, ಇಂಡೋನೇಷ್ಯಾದವರು ತಾವು ಸ್ವತಂತ್ರರೆಂದು ಸಾರಿದರು, ಡಚ್ಚರು ತಮ್ಮ ಹಳೆಯ ರಾಜ್ಯ ತಮಗೇ ಬೇಕೆಂದರು. ಅವರಿಗಿಂತ ಮೊದಲು ಬಂದಿಳಿದ ಬ್ರಿಟಿಷರು ಜೊತೆಗೆ ಕರೆತಂದದ್ದು ನಮ್ಮ ಸಿಪಾಯಿಗಳನ್ನು. ಸ್ವತಃ ಗುಲಾಮರಾಗಿದ್ದವರ ಕೈಗೇ ಬಂದೂಕು ಕೊಟ್ಟು, ಗುಲಾಮಗಿರಿಯಿಂದ ಆಗಷ್ಟೇ ಎದ್ದವರ ಮೇಲೆ ಬಿಟ್ಟರು. ಇದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಹಾಗೆ ಹೋದವರಲ್ಲಿ ಇಪ್ಪತ್ತೊಂದು ವರ್ಷದ ನನ್ನಪ್ಪನೂ ಇದ್ದರು. ಅವರನ್ನು ಇಳಿಸಿದ್ದು ಜಾವಾ ದ್ವೀಪದ ಸುರಬಾಯದಲ್ಲಿ.

ಬೋರ್ಡಿನ ನಡುವೆ 'ಜನ' ಎಂಬ ಭಾಗದಲ್ಲಿ ಅಪ್ಪನ ಫೋಟೊ ಇತ್ತು. ಅದರ ಕೆಳಗೆ ಇಂಗ್ಲಿಷಿನಲ್ಲಿ, 'ಇವರು ಗುಂಡು ಹಾರಿಸಲು ಒಪ್ಪದೆ ಇಂಡೋನೇಷ್ಯಾದವರ ಕಡೆ ಸೇರಿದರು' ಎಂದು ಬರೆದಿದ್ದಳು.

ಅದು ಸುಳ್ಳು. ಹುಟ್ಟಿಸಿದವನು ನಾನೇ.

ಜಾವಾದಲ್ಲಿ ನೂರಾರು ಭಾರತೀಯ ಸಿಪಾಯಿಗಳು ಹಾಗೆ ಆಚೆ ದಾಟಿದ್ದು ನಿಜ. ಎಪ್ಪತ್ತೆಂಟರ ಆಗಸ್ಟ್ ಹದಿನೈದರಂದು ಶಾಲೆಯಲ್ಲಿ ಭಾಷಣ ಮಾಡುವಾಗ ಅವರ ಸಾಲಿಗೆ ಅಪ್ಪನನ್ನೂ ಸೇರಿಸಿಬಿಟ್ಟೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅಪ್ಪ ಕಾಂಪೌಂಡಿನ ಆಚೆ ನಿಂತು ಕೇಳಿಸಿಕೊಂಡಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ಮನೆಗೆ ಕರೆದುಕೊಂಡು ಹೋಗಿ ಎದುರು ಕೂರಿಸಿಕೊಂಡು ಹೇಳಿದರು. ಆ ನವೆಂಬರ್ ಹತ್ತರಂದು ಸುರಬಾಯದಲ್ಲಿ ಮಸೀದಿಯ ತೊಟ್ಟಿಯ ಬಳಿ ಒಬ್ಬ ಯುವಕ ಬಿದಿರಿನ ಈಟಿಯನ್ನು ಗೋಡೆಗೆ ಒರಗಿಸಿ, ತೋಳು ಮಡಚಿ, ನಮಾಜಿಗೆ ಕೈಕಾಲು ತೊಳೆಯುತ್ತಿದ್ದ. ಮೊಣಕೈವರೆಗೂ ಒದ್ದೆಯಾಗಿತ್ತು. ಅಧಿಕಾರಿ ಹೊಡಿ ಎಂದ, ಅಪ್ಪ ಹೊಡೆದರು. ಅವನು ಏನು ಮಾಡುತ್ತಿದ್ದನೆಂಬುದು ಆ ಅಧಿಕಾರಿಗೆ ತಿಳಿದಿರಲಿಕ್ಕಿಲ್ಲ, ಅಪ್ಪನಿಗೆ ತಿಳಿದಿತ್ತು. ಅದೇ ಸಂಜೆ ಜೊತೆಯ ಇಬ್ಬರು ಆಚೆ ದಾಟಿದರು. ನೀನೂ ಬಾ ಎಂದು ಕರೆದರು. ಅಪ್ಪ ಹೋಗಲಿಲ್ಲ. ಹೆದರಿದೆ, ಊರಿಗೆ ಬರಬೇಕಿತ್ತು, ಅಷ್ಟೇ ಎಂದರು.

"ನಾಳೆ ಸ್ಕೂಲಿಗೆ ಹೋಗಿ ಸರಿ ಮಾಡಿ ಬಾ" ಎಂದರು.

ನಾನು ಸರಿ ಮಾಡಲಿಲ್ಲ. ಅಲ್ಲಿಯವರೆಗೆ ಸ್ಟಾಫ್ ರೂಮಿನಲ್ಲಿ ಹಾಕಿ ಮ್ಯಾಚಿನ ಮಾತು ಬಂದರೆ ಸಾಕು, ನೀವು ಯಾರ ಕಡೆ ಸಾಹೇಬ್ರೇ ಎಂದು ನಗುತ್ತಿದ್ದವರು ಆ ಭಾಷಣದ ಮಾರನೆಯ ದಿನ ಎದ್ದು ನಿಂತು ನನಗೆ ಕುರ್ಚಿ ಕೊಟ್ಟಿದ್ದರು. ಆ ಕುರ್ಚಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಪ್ರತಿ ವರ್ಷ ಹೇಳಿದೆ. ಮಗನಿಗೆ ಹೇಳಿದೆ, ಮೊಮ್ಮಗಳಿಗೂ ಹೇಳಿದೆ.

ಅಪ್ಪ ಮತ್ತೆ ಆ ಮಾತೆತ್ತಲಿಲ್ಲ. ಆದರೆ ಪ್ರತಿ ನವೆಂಬರ್ ಹತ್ತಕ್ಕೆ ಸಿಹಿ ಅನ್ನ ಮಾಡಿಸಿ, ಮುಂದಿಟ್ಟುಕೊಂಡು ಫಾತಿಹಾ ಓದುತ್ತಿದ್ದರು. ಸತ್ತವರ ಹೆಸರು ಹೇಳಿ ಪುಣ್ಯ ಮುಟ್ಟಿಸುವ ಪ್ರಾರ್ಥನೆ ಅದು. ಉಳಿದವರ ಫಾತಿಹಾಗಳೆಲ್ಲ ಚಾಂದ್ರಮಾನದ ಲೆಕ್ಕದಲ್ಲಿ ನಡೆದರೆ ಇದೊಂದು ಮಾತ್ರ ಇಂಗ್ಲಿಷ್ ತಾರೀಖಿಗೆ. ಹೆಸರು ಬರಬೇಕಾದ ಕಡೆ ಸುಮ್ಮನಾಗುತ್ತಿದ್ದರು. ಅವರ ನಂತರ ನಾನೂ ಹಾಗೆಯೇ ಓದುತ್ತ ಬಂದೆ. ಬೀಬಿ ಜಾನ್ ಪ್ರತಿ ವರ್ಷ ನಮ್ಮ ಮನೆಮಾತು ಉರ್ದುವಿನಲ್ಲಿ "ಯಾರ ಹೆಸರಿಗೆ?" ಎಂದು ಕೇಳುತ್ತಾಳೆ. "ಅಪ್ಪ ಯಾರಿಗೆ ಓದುತ್ತಿದ್ದರೋ ಅವರಿಗೆ" ಎನ್ನುತ್ತೇನೆ.

ಈ ಸಲ ಸಂಘದವರು ರಾಜ್ಯೋತ್ಸವ ಇಟ್ಟುಕೊಂಡ ಭಾನುವಾರವೇ ಹತ್ತನೇ ತಾರೀಖು ಬಿತ್ತು. ಹೊರಗೆ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿನ ಚಳಿ. ಬಾಗಿಲಲ್ಲೇ ಅರೀಬಾಳ ಬೋರ್ಡು ನಿಲ್ಲಿಸಿದ್ದರು. ವೆಂಕಟರಾಮು ಓಡಿಬಂದು ಕಿವಿಯಲ್ಲಿ ಹೇಳಿದ: "ಶಾಲು ಹೊದ್ಸೋಕೆ ಇಂಡೋನೇಷ್ಯಾದವ್ರನ್ನೇ ಕರ್ಸಿದೀನಿ ಸಾರ್. ರತ್ನಾ ಆಂಟಿ ಅಂತ. ಹೆಸ್ರೂ ನಮ್ಮೋರ್ದೇ ನೋಡಿ!"

ಆಕೆಯನ್ನು ನಾನು ಬಲ್ಲೆ. ಆಕೆ ನಮ್ಮ ಮಸೀದಿಗೆ ಬರುವ ಹೆಂಗಸು, ಹುಟ್ಟೂರು ಸುರಬಾಯ. ಪ್ರಾಜೆಕ್ಟಿಗಾಗಿ ಅರೀಬಾ ಆಕೆಯನ್ನೇ ಮಾತಾಡಿಸಿದ್ದು. ನನಗಿಂತ ನಾಲ್ಕೈದು ವರ್ಷ ದೊಡ್ಡವರು.

ವೇದಿಕೆ ಮೇಲೆ ಕುರ್ಚಿಯಲ್ಲಿ ಕೂರಿಸಿದರು. ತಲೆಗೆ ಪೇಟ ಬಂತು, ಮಡಿಲಿಗೆ ಹಣ್ಣಿನ ಬುಟ್ಟಿ ಬಂತು. ರತ್ನಾ ಶಾಲು ಹಿಡಿದು ಮೈಕಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡಿದರು. ತಮ್ಮ ದೊಡ್ಡಪ್ಪ ಮಾರ್ತೊಯೊ ಆ ನವೆಂಬರಿನಲ್ಲಿ ಮಧ್ಯಾಹ್ನದ ನಮಾಜಿಗೆಂದು ಹೋದವನು ಮರಳಲಿಲ್ಲ, ಹೆಣವೂ ಸಿಗಲಿಲ್ಲ. ತಮ್ಮ ಅಜ್ಜಿ ಸಾಯುವವರೆಗೂ ಮನೆಯ ಬಾಗಿಲಿಗೆ ಅಗುಳಿ ಹಾಕಗೊಡಲಿಲ್ಲ. "ಆ ದಿನಗಳಲ್ಲಿ ನಮ್ಮ ಕಡೆ ಬಂದವರ ಮಗ ಇವರು. ಇವರು ನನ್ನ ತಮ್ಮನಿದ್ದಂತೆ" ಎಂದು ನನ್ನತ್ತ ತಿರುಗಿದರು.

ಶಾಲು ಹೆಗಲಿಗೆ ಬೀಳುವ ಮೊದಲು ಎದ್ದು ನಿಂತೆ. ಪೇಟ ತೆಗೆದು ಕುರ್ಚಿಯ ಮೇಲಿಟ್ಟೆ. ಕೇಳಲೇಬೇಕಾದ ರತ್ನಾ, ಅರೀಬಾ ಇಬ್ಬರಿಗೂ ಕನ್ನಡ ಬಾರದು. ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡ ಮೇಷ್ಟ್ರು ಹರಕುಮುರುಕು ಇಂಗ್ಲಿಷಿನಲ್ಲಿ ಮಾತಾಡಿದ.

"ನನ್ನಪ್ಪ ನಿಮ್ಮ ಕಡೆ ಬರಲಿಲ್ಲ. ನಮಾಜಿಗೆ ಕೈ ತೊಳೆಯುತ್ತಿದ್ದ ನಿಮ್ಮವನೊಬ್ಬನನ್ನು ಕೊಂದರು. ನನಗೆ ಗೊತ್ತಿತ್ತು. ನಲವತ್ತಾರು ವರ್ಷ ಸುಳ್ಳು ಹೇಳಿದೆ."

"ಸಾರ್, ಬಿಟ್ಬಿಡಿ ಸಾರ್, ಆಮೇಲ್ ಮಾತಾಡಣ" ಎಂದು ವೆಂಕಟರಾಮು ನನ್ನ ತೋಳು ಹಿಡಿದ. ಮುಂದಿನ ಸಾಲಿನಲ್ಲಿ ವಿಡಿಯೊ ಮಾಡುತ್ತಿದ್ದ ಅರೀಬಾ ಫೋನನ್ನು ತೊಡೆಯ ಮೇಲೆ ಇಳಿಸಿದಳು. ಅವಳ ಮುಖವನ್ನು ನಾನು ನೋಡಲಾರದೆ ಹೋದೆ.

ರತ್ನಾ ಶಾಲನ್ನು ನಿಧಾನವಾಗಿ ಮಡಚಿದರು. ಪೇಟದ ಪಕ್ಕ ಇಟ್ಟು ಮೆಟ್ಟಿಲಿಳಿದು ಹೋದರು. ಯಾರೋ ಅವಸರದಲ್ಲಿ ಮಕ್ಕಳ ಡಾನ್ಸಿನ ಹಾಡು ಹಾಕಿದರು.

ನಾನು ಹೊರಗೆ ಬಂದಾಗ ಅರೀಬಾ ಬೋರ್ಡಿನ ಮುಂದೆ ನಿಂತಿದ್ದಳು. ಫೋಟೊ ಕೀಳುತ್ತಾಳೆಂದುಕೊಂಡೆ. ಕೀಳಲಿಲ್ಲ. ಕೆಳಗಿನ ಸಾಲನ್ನು ಮಾರ್ಕರಿನಿಂದ ಹೊಡೆದುಹಾಕಿ, 'ಇವರು ಗುಂಡು ಹಾರಿಸಿದರು' ಎಂದು ಬರೆದಳು. ಕೋಟು ಹಾಕಿಕೊಂಡು ಹೊರಟಿದ್ದ ರತ್ನಾ ಅದನ್ನು ಓದಿದರು. ಅವಳ ಕೈಯಿಂದ ಮಾರ್ಕರ್ ತೆಗೆದುಕೊಂಡು, ಅಪ್ಪನ ಫೋಟೊದ ಪಕ್ಕದ ಖಾಲಿ ಜಾಗದಲ್ಲಿ ಒಂದು ಹೆಸರು ಬರೆದರು: ಮಾರ್ತೊಯೊ.

"ಇವನನ್ನು ಕೊಂದದ್ದು ನಿಮ್ಮಪ್ಪ ಎಂದು ನಾನು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ" ಎಂದರು ನನ್ನನ್ನು ನೋಡದೆ. ನಾನು ಫಾತಿಹಾದ ವಿಷಯ ಹೇಳಿದೆ. ಮಾರ್ಕರಿನ ಮುಚ್ಚಳ ಹಾಕಿ ಅರೀಬಾಳ ಕೈಗೆ ಕೊಟ್ಟರು. "ಹಾಗಾದರೆ ಈ ಹೆಸರು ಇಟ್ಟುಕೊಳ್ಳಿ" ಎಂದು ಹೊರಟುಹೋದರು.

ಮನೆಗೆ ಹದಿನಾಲ್ಕು ಮೈಲಿ. ಶಾಕಿರ್ ಡ್ರೈವ್ ಮಾಡುತ್ತಿದ್ದ. ಅರೀಬಾ ಕಿಟಕಿಯತ್ತ ಮುಖ ಮಾಡಿ ಕೂತಿದ್ದಳು. ಇಷ್ಟು ವರ್ಷ ನನ್ನನ್ನು ನಂಬಿದ ಮಗು ಇನ್ನು ನನ್ನ ಯಾವ ಮಾತನ್ನೂ ನಂಬುವುದಿಲ್ಲ ಎಂದು ಸಂಕಟವಾಯಿತು. ಅವಳ ತಪ್ಪೇನಿತ್ತು?

ಸಂಜೆ ಬೀಬಿ ಜಾನ್ ಸಿಹಿ ಅನ್ನದ ತಟ್ಟೆ ತಂದಿಟ್ಟಳು. ಅರೀಬಾ ತಲೆಗೆ ದುಪಟ್ಟಾ ಹೊದ್ದು, ನನ್ನಿಂದ ಒಂದು ಮೊಳ ದೂರ ಕೂತಳು. ನಾನು ಕೈ ಎತ್ತಿದೆ.

"ಯಾರ ಹೆಸರಿಗೆ?" ಎಂದು ಬೀಬಿ ಜಾನ್ ಎಂದಿನಂತೆ ಕೇಳಿದಳು.

ನಾನು ಅರೀಬಾಳ ಕಡೆ ನೋಡಿದೆ.

"ಮಾರ್ತೊಯೊ" ಎಂದಳು ಅರೀಬಾ.