ತಾತನ ಕಾಲದ ಬದುಕು

ತಮಿಳುನಾಡಿನ ತೇನಿಯ ಒಂದು ಹೋಟೆಲಿನಲ್ಲಿ ದ್ರಾಕ್ಷಿ ಬೆಳೆಗಾರರಿಗೆಂದು ನಡೆದ ಸಭೆಯಿಂದ ಜೆಯಕುಮಾರ್ ಒಂದು ಬಟ್ಟೆ ಚೀಲವನ್ನೂ ಫೋನಿನಲ್ಲಿ ಗ್ರಾಫಿನ ಒಂದು ಗೆರೆಯನ್ನೂ ತಂದ. ಚೀಲವನ್ನು ಹೆಂಡತಿಗೆ ಕೊಟ್ಟ. ಗೆರೆಯನ್ನು ಕಾಮಯಗೌಂಡನ್‌ಪಟ್ಟಿಯ ತನ್ನ ತೋಟದಲ್ಲಿ ಹಣ್ಣು ಕೊಯ್ಯುವ ಹೆಂಗಸರಿಗೆ ತೋರಿಸಿದ.

“ಇದು ನೂರು ವರ್ಷದ ಕಣಕ್ಕು, ಲೆಕ್ಕ. ಒಂದು ದೇಶದ ಜನ ಆಗ ಎಷ್ಟು ಗಂಟೆ ವೇಲೆ ಮಾಡ್ತಿದ್ರು, ಈಗ ಎಷ್ಟು ಮಾಡ್ತಾರೆ ಅಂತ. ಹೆಂಗೆ ಇಳ್ಕೊಂಡು ಬಂದದೆ ನೋಡಿ.”

ಗೆರೆ ನಿಜಕ್ಕೂ ಇಳಿದಿತ್ತು, ಮೇಘಮಲೆಯ ರಸ್ತೆ ಚಿನ್ನಮನೂರಿಗೆ ಇಳಿದ ಹಾಗೆ. ಅದು ಯಾವ ದೇಶದ್ದೆಂದು ಅವನಿಗೆ ನೆನಪಿರಲಿಲ್ಲ. ಅದನ್ನು ಅಷ್ಟು ಕೆಳಗೆ ಎಳೆಯಲು ಎಷ್ಟು ಜನ ಬೀದಿಗಿಳಿದು ಏಟು ತಿಂದರೆಂದು ಸಭೆಯಲ್ಲಿ ಯಾರೂ ಹೇಳಿರಲಿಲ್ಲ, ಬಿರಿಯಾನಿ ಆರುತ್ತಿತ್ತು.

“ಒಳ್ಳೇದಾಯ್ತಲ್ಲ ತಂಬಿ,” ಎಂದಳು ಪಾಂಡೀಶ್ವರಿ. ಆ ಗುಂಪಿನ ಹಿರಿಯಳು ಅವಳೇ. “ಯಾರೋ ಪುಣ್ಯವಂತರು.”

“ಒಳ್ಳೇದಾ? ನಮ್ಮ ತೋಟದಾಗೂ ಹಂಗೇ ಆಗ್ಬಿಟ್ಟದೆ ಪಾಂಡಿಯಕ್ಕಾ. ನಮ್ಮ ತಾತನ ಕಾಲದಾಗೆ ಹೊತ್ತು ಹುಟ್ಟೋದ್ರಿಂದ ಹೊತ್ತು ಮುಳುಗೋಗಂಟ. ನೀವು ಎರಡು ಗಂಟೆ ಆಗ್ತಿದ್ದಂಗೇ ಊಟದ ತೂಕು ಎತ್ಕೊಂಡು ಹೊರಟ್ಬಿಡ್ತೀರಿ.”

ಆಮೇಲೆ ಅವನು ತಮಿಳಿಗೆ ದಾಟಿದ. ಮನೆಮಾತು ಇಬ್ಬರದೂ ಒಂದೇ ಕನ್ನಡ. ಅದರಲ್ಲಿ ಅಕ್ಕ ಎಂದು ಕರೆದ ಬಾಯಿಂದ ಅದೇ ಭಾಷೆಯಲ್ಲಿ ಆಜ್ಞೆ ಹೊರಡುವುದಿಲ್ಲ. ಆಜ್ಞೆಗೆ ತಮಿಳು ಅನುಕೂಲ. ಸೋಮವಾರದಿಂದ ಕೆಲಸ ನಾಲ್ಕು ಗಂಟೆಯವರೆಗೆ ಎಂದ. ಕೂಲಿಗೂ ಒಂದು ಗೆರೆ ಇರುತ್ತದಲ್ಲ, ಅದನ್ನು ಫೋನಿನಲ್ಲಿ ತಂದಿರಲಿಲ್ಲ.

ಹೆಂಗಸರು ಗಲಾಟೆ ಎಬ್ಬಿಸಿದರು. ಮೂರು ಗಂಟೆಗೆ ನಲ್ಲಿಯಲ್ಲಿ ನೀರು ಬರುತ್ತದೆ, ಹಿಡಿಯುವವರು ಯಾರು ಎಂದಳು ಮುತ್ತುಲಕ್ಷ್ಮಿ. ನಿಮ್ಮ ಬೀದಿಗೆ ಟ್ಯಾಂಕರ್ ಕಳಿಸುತ್ತೇನೆ ಎಂದ. ಇನ್ನೊಬ್ಬಳು ಆಡು ಎಂದಳು. ಇಲ್ಲೇ ತಂದು ಕಟ್ಟಿ, ಹುಲ್ಲೂ ಸಿಗುತ್ತದೆ ಎಂದ. ಮಗದೊಬ್ಬಳು ಸ್ಕೂಲಿಂದ ಬರುವ ಮಕ್ಕಳು ಎಂದಳು. ಮಕ್ಕಳನ್ನೂ ಇಲ್ಲಿಗೇ ಕರೆಸಿ ಎಂದ. ಪ್ರತಿ ಕಾರಣಕ್ಕೂ ಅವನ ಹತ್ತಿರ ಒಂದು ಪರಿಹಾರವಿತ್ತು. ಕಾರಣ ಕೊಟ್ಟರೆ ಇದೇ ಕಷ್ಟ, ಮಾಲೀಕರು ಅದನ್ನು ಬಗೆಹರಿಸಿಬಿಡುತ್ತಾರೆ.

“ನಿಮಗೇನಕ್ಕಾ?” ಎಂದು ಪಾಂಡೀಶ್ವರಿಯನ್ನು ಕೇಳಿದ.

“ನನಗೆ ಮಲಗಬೇಕು.”

“ಮೈ ಸರಿಯಿಲ್ವಾ?”

“ಚೆನ್ನಾಗೇ ಅದೆ. ಮನೆಗೆ ಹೋಗಿ, ಕದ ಹಾಕಿ, ಸಿಮೆಂಟ್ ನೆಲದ ಮೇಲೆ ಸುಮ್ಮಾ ಮಲಗಬೇಕು. ಒಂದು ಗಂಟೆ. ಸಾಯಂಕಾಲ ಆದ್ರೆ ಮನೆ ತುಂಬ ಜನ. ಬೆಳಗ್ಗೆಯಿಂದ ನಿನ್ನ ಚಪ್ಪರದ ಕೆಳಗೆ ಕತ್ತು ಮೇಲೆತ್ಕೊಂಡು ಕತ್ತರಿ ಆಡಿಸ್ತೀನಿ. ಆ ಒಂದು ಗಂಟೆ ನಂದು, ಅದನ್ನ ಕೊಡಲ್ಲ.”

ಹೆಂಗಸರು ನಕ್ಕರು. ಜೆಯಕುಮಾರನೂ ನಕ್ಕ. ಆದರೆ ಇದಕ್ಕೆ ಅವನಲ್ಲಿ ಟ್ಯಾಂಕರ್ ಇರಲಿಲ್ಲ. ಅದಕ್ಕೇ ಅವನು ಸಾಕ್ಷಿ ತರಲು ಹೋದ.

ಸಾಕ್ಷಿ ಎಂದರೆ ಅವನ ಅಜ್ಜಿ ಕಾಮಾಕ್ಷಿಯಮ್ಮಾಳ್. “ನಿಮ್ಮ ತಾತ ಬೆಳಗಿಂದ ಬೈಗಿನವರೆಗೂ ತೋಟದಾಗೆ ಬದುಕು ಮಾಡಿದ ಮನುಷ್ಯ” ಎಂಬ ಮಾತನ್ನು ಅವನು ತೊಟ್ಟಿಲಿನಿಂದಲೂ ಕೇಳಿದ್ದ. ಅಜ್ಜಿಯ ಬಾಯಲ್ಲಿ ಕೆಲಸಕ್ಕೆ ಬದುಕು ಎಂದೇ ಹೆಸರು. ಮೊಮ್ಮಗನ ತಲೆಮಾರು ವೇಲೆ ಎನ್ನುತ್ತದೆ. ಎರಡೂ ಒಂದೇ ಎಂದು ಅವನು ನಂಬಿದ್ದ.

ಸ್ಕೂಟರಿನ ಹಿಂದೆ ಕೂತು ಬಂದ ಅಜ್ಜಿ ಖಾಲಿ ಕ್ರೇಟಿನ ಮೇಲೆ ಕಾಲು ಚಾಚಿದಳು.

“ಹೇಳಜ್ಜೀ, ತಾತ ಎಷ್ಟು ಹೊತ್ತು ಬದುಕು ಮಾಡ್ತಿದ್ರು?”

“ಹೊತ್ತು ಹುಟ್ಟೋದ್ರಿಂದ ಮುಳುಗೋಗಂಟ.”

ಜೆಯಕುಮಾರ್ ಎಲ್ಲರ ಮುಖವನ್ನೂ ನೋಡಿದ. ಅಲ್ಲಿಗೇ ನಿಲ್ಲಿಸಿದ್ದರೆ ಗೆದ್ದಿರುತ್ತಿದ್ದ. ಮುದುಕಿಯನ್ನು ನಿಲ್ಲಿಸುವವರು ಯಾರು?

“ಬರ್ತಿದ್ದಂಗೇ ಎತ್ತಿಗೆ ಮೇವು ಹಾಕಿ ಬಾಯಿಗೆ ಎಲೆಯಡಿಕೆ ಹಾಕೋರು. ಎರಡು ಸಾಲು ನೀರು ಕಟ್ಟಿದ್ರೆ ಪಕ್ಕದ ತೋಟದ ಆಂಡಿ ಬರೋನು, ಬದುವಿನ ಜಗಳಕ್ಕೆ. ಬೈದಾಡೋರು, ಅಪ್ಪುರಂ ಇಬ್ಬರೂ ಕೂತು ಕೂಳು ತಿನ್ನೋರು. ಉಂಡ ಮೇಲೆ ನೆರಳು ತಿರುಗೋಗಂಟ ಗೊರಕೆ. ಆ ಗೊರಕೆಗೆ ಎತ್ತು ಬೆಚ್ಚೋದು.”

“ಅದಲ್ಲಜ್ಜೀ! ಬದುಕು ಹೇಳು, ಬದುಕು!”

“ಅದೂ ಬದುಕೇ ಅಲ್ವೇನೋ. ಮತ್ತೆ ಉಳುಮೆ ಒಂದೇ ಬದುಕಾ?”

ಮುತ್ತುಲಕ್ಷ್ಮಿ ಸೆರಗು ಬಾಯಿಗೆ ತುರುಕಿಕೊಂಡಳು. ಪಾಂಡೀಶ್ವರಿ ಮಾತ್ರ ನಗಲಿಲ್ಲ.

“ಸರಿ ತಂಬಿ. ನಾಲ್ಕು ಗಂಟೆ ಯಾಕೆ? ತಾತನ ಕಣಕ್ಕೇ ಇರಲಿ. ಸೋಮವಾರದಿಂದ ಹೊತ್ತು ಮುಳುಗೋಗಂಟ ಇರ್ತೀವಿ.”

“ನಿಜವಾ ಅಕ್ಕಾ?”

“ನಿಜ. ಬದುಕು ಮಾಡ್ತೀವಿ.”

ಅವನು ಎಷ್ಟು ಸಂತೋಷಪಟ್ಟನೆಂದರೆ ಎಲ್ಲರಿಗೂ ಟೀ ತರಿಸಿದ. ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಾಗ ಮಾಲೀಕರಿಗೆ ಅನುಮಾನ ಬರುವುದಿಲ್ಲ. ಅದು ತಮ್ಮ ಹಕ್ಕು ಎನಿಸುತ್ತದೆ.

ಸೋಮವಾರ ಹೆಂಗಸರು ಸೂರ್ಯನ ಜೊತೆಗೇ ಬಂದರು. ಕತ್ತರಿಯ ಜೊತೆ ಚಾಪೆ ತಂದಿದ್ದರು, ಸೊಪ್ಪು ಬೇಯಿಸಲು ಮಡಕೆ ತಂದಿದ್ದರು, ಆಡನ್ನೂ ಹೊಡೆದುಕೊಂಡು ಬಂದಿದ್ದರು. ಎಲ್ಲಕ್ಕಿಂತ ಮೊದಲು ಎಲೆಯಡಿಕೆ ಹಾಕಿಕೊಂಡರು. ಒಂದು ಸಾಲು ಪನ್ನೀರ್ ದ್ರಾಕ್ಷಿ ಕೊಯ್ದ ಮೇಲೆ ಇಬ್ಬರು ಜಗಳಕ್ಕೆ ನಿಂತರು. ವಿಷಯ ಏನೂ ಇರಲಿಲ್ಲವಾದ್ದರಿಂದ ಜಗಳ ಬಹಳ ಹೊತ್ತು ಹಿಡಿಯಿತು. ಯಾರೂ ಕರೆಯದೆ ಬಂದ ಕಾಮಾಕ್ಷಿಯಮ್ಮಾಳ್ ಇಬ್ಬರಿಗೂ ಸರಿಯಾಗಿ ಬೈಯಲು ಬರುವುದಿಲ್ಲವೆಂದು ಬೇಸರಪಟ್ಟು, ಆಂಡಿಯ ಕಾಲದ ಬೈಗುಳಗಳನ್ನು ಹೇಳಿಕೊಟ್ಟಳು.

ಉಂಡಾದ ಮೇಲೆ ಚಪ್ಪರದ ಕೆಳಗೆ ಸಾಲಾಗಿ ಚಾಪೆ ಬಿದ್ದವು. ಜೆಯಕುಮಾರ್ ಸೊಂಟ ಬಗ್ಗಿಸಿಕೊಂಡು ಗೊಂಚಲುಗಳಿಗೆ ತಲೆ ಬಡಿಸಿಕೊಳ್ಳುತ್ತ ಅತ್ತಿಂದಿತ್ತ ಓಡಾಡಿದ. ತಮಿಳಿನಲ್ಲಿ ಎಬ್ಬಿಸಿ ನೋಡಿದ. ಯಾರೂ ಏಳಲಿಲ್ಲ.

ಪಾಂಡೀಶ್ವರಿ ಒಂದು ಕಣ್ಣು ತೆರೆದಳು. “ಬದುಕು ನಡೀತಾ ಅದೆ ತಂಬಿ. ಕೂಗಬೇಡ, ಅಜ್ಜಿ ಮಲಗಿದಾರೆ.”

“ಲಾರಿ ಬರ್ತದೆ ಅಕ್ಕಾ!”

“ನೆರಳು ತಿರುಗಲಿ.”

“ಚಪ್ಪರದ ನೆರಳು ಎಲ್ಲಿಗೆ ತಿರುಗ್ತದೆ?”

“ಅದು ನೀನು ಹಾಕಿಸಿದ ಚಪ್ಪರ. ನನ್ನ ಕೇಳಿದ್ರೆ?”

ನಾಲ್ಕಕ್ಕೆ ಡ್ರೈವರ್ ಚಿನ್ನತಂಬಿಯ ಲಾರಿ ಬಂದು ಹಾರನ್ ಒತ್ತಿತು. ಕುಮಳಿ ಘಾಟಿ ಹತ್ತಿ ಕೇರಳಕ್ಕೆ ಹೋಗಬೇಕಾದ ಗಾಡಿ. ಎಂದಿನ ಅರ್ಧದಷ್ಟೂ ಕ್ರೇಟ್ ತುಂಬಿರಲಿಲ್ಲ. ಚಿನ್ನತಂಬಿ ಕೆಳಗಿಳಿದು ಚಪ್ಪರದೊಳಗೆ ಇಣುಕಿ, “ಏನಣ್ಣೇ, ಕಲ್ಯಾಣ ಮಂಟಪ ಮಾಡ್ಬಿಟ್ರಾ?” ಎಂದ.

ಜೆಯಕುಮಾರ್ ಪಾಂಡೀಶ್ವರಿಯ ಚಾಪೆಯ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತ. ಈ ಸಲ ತಮಿಳು ನೆನಪಾಗಲಿಲ್ಲ.

“ಅಕ್ಕಾ, ಎರಡು ಗಂಟೆಗೇ ಹೋಗಿ. ನಾಳೆಯಿಂದ ಮೊದಲಿನಂಗೇ.”

“ಮೊದಲಿನಂಗೆ ಬೇಡ. ನಡುವೆ ಕೂತ್ಕೊಳ್ಳಕ್ಕೆ ಹೊತ್ತು ಬೇಕು. ಇವತ್ತು ಕೂತು ನೋಡಿದ್ವಿ. ಕತ್ತು ನಮ್ಮದೇ ಅಂತ ಗೊತ್ತಾಯ್ತು.”

“ಎಷ್ಟು ಹೊತ್ತು?”

“ಅರ್ಧ ಗಂಟೆ. ಕೂಲಿ ಹಿಡೀಬಾರ್ದು.”

“ಕಾಲು ಗಂಟೆ.”

ಪಾಂಡೀಶ್ವರಿ ಕಣ್ಣು ಮುಚ್ಚಿ ಮಗ್ಗುಲು ಬದಲಿಸಿದಳು. ಲಾರಿ ಇನ್ನೊಮ್ಮೆ ಕೂಗಿತು.

“ಸರಿ ಅಕ್ಕಾ, ಅರ್ಧ ಗಂಟೆ! ಏಳಿ!”

ಅವಳು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, “ಏಳ್ರೇ ಎಲ್ಲಾ, ಹೊತ್ತು ಮುಳುಗೋಗಂಟ ಅಂತ ಮಾತು ಕೊಟ್ಟೀವಿ,” ಎಂದಳು. ಆ ಸಂಜೆ ಅವರು ಕೊಯ್ದ ವೇಗಕ್ಕೆ ಚಿನ್ನತಂಬಿ ಬಾಯಿ ಮುಚ್ಚಿಕೊಂಡು ಕ್ರೇಟ್ ಹೊತ್ತ.

ಮರುದಿನ ಎರಡು ಗಂಟೆಗೆ ಪಾಂಡೀಶ್ವರಿ ಮನೆಗೆ ಬಂದು ಕದ ಹಾಕಿಕೊಂಡಳು. ನೆಲ ತಣ್ಣಗಿತ್ತು. ಕಾಲುಗಳನ್ನು ಗೋಡೆಗೆ ಒರಗಿಸಿ ಮಲಗಿದಳು. ಸ್ವಲ್ಪ ಹೊತ್ತಿಗೆ ಮುತ್ತುಲಕ್ಷ್ಮಿ ಬಂದು ಕದ ತಟ್ಟಿದಳು.

“ಪಾಂಡಿಯಕ್ಕಾ! ಇದ್ದೀಯಾ?”

“ಇಲ್ಲ,” ಎಂದು ಒಳಗಿನಿಂದ ಉತ್ತರ ಬಂತು.