ನುಂಗದೆ ಉಳಿದ ಮಾತ್ರೆ

ವೈದ್ಯರು ಕೈಗಿತ್ತ ಮಾತ್ರೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ‘ನುಂಗಿದೆ’ ಎಂದು ಸುಳ್ಳು ಹೇಳಿದವರು ನಿಮ್ಮ ಮನೆಯಲ್ಲಿ ಯಾರೂ ಇಲ್ಲವೇ? ಆ ಸುಳ್ಳಿಗೆ ನೀವು ಕಾವಲು ನಿಂತಿಲ್ಲವೇ?

ಹಡಗಲಿ ತಾಲ್ಲೂಕಿನ ಇಟ್ಟಿಗಿಯ ಅಜ್ಜಯ್ಯ ನಿಂತಿದ್ದ. ಅವನ ಹೆಂಡತಿ ನಾಗಲಿಂಗಮ್ಮನ ಮೂಗಿನೊಳಗೆ ದುರ್ಮಾಂಸ ಬೆಳೆದು ಉಸಿರು ಕಟ್ಟುತ್ತಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ಅಂದು ಶಸ್ತ್ರಚಿಕಿತ್ಸೆ. ಬೆಳಿಗ್ಗೆ ದಾದಿ ಒಂದು ಮಾತ್ರೆ, ಒಂದು ಗುಟುಕು ನೀರು ಕೊಟ್ಟು ಹೋದಳು. ಇಷ್ಟಲಿಂಗದ ಪೂಜೆಯಾಗದೆ ನಾಗಲಿಂಗಮ್ಮ ಹನಿ ನೀರನ್ನೂ ಮುಟ್ಟುವವಳಲ್ಲ. ಮಾತ್ರೆ ಸೆರಗು ಸೇರಿತು.

ಅರಿವಳಿಕೆ ವೈದ್ಯೆ ವಾಣಿಶ್ರೀ ಬಂದು, ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದರು.

“ಬಿ.ಪಿ. ಏರೈತಲ್ಲಮ್ಮ! ಗುಳಿಗಿ ನುಂಗಿದ್ರೇನು?”

“ನುಂಗ್ಯಾಳ್ರಿ,” ಎಂದ ಅಜ್ಜಯ್ಯ.

“ನಿಮ್ಮನ್ನ ಕೇಳಿಲ್ಲ ಯಜಮಾನ್ರ. ನಾವು ಕೊಯ್ಯೋದು ನಿಮ್ಮ ಮೂಗಲ್ಲ.”

ನಾಗಲಿಂಗಮ್ಮ ಗಂಟು ಬಿಚ್ಚಿದಳು. “ಲಿಂಗಪೂಜಿ ಆಗಿಲ್ಲವ್ವಾ...”

ಅಜ್ಜಯ್ಯ ರೇಗಿದ. “ಅಲ್ರೀ, ಏನೂ ತಿನ್ನಬ್ಯಾಡ ಅನ್ನವ್ರೂ ನೀವ, ನುಂಗು ಅನ್ನವ್ರೂ ನೀವ! ತೊಗರಿಬ್ಯಾಳಿಯಷ್ಟ ಐತಿ. ಇದೇನು ರಕ್ತಕ್ಕ ಒಡ್ಡು ಕಟ್ಟತೈತಾ?”

“ಹೊಲದ ಮಡಿಗೆ ನೀರು ಜೋರು ನುಗ್ಗಿದ್ರ ಒಡ್ಡು ಏನಾಕ್ಕೈತ್ರಿ?”

“ಕಿತ್ತು ಹೋಕ್ಕೈತಿ.”

“ಹಂಗ, ಒತ್ತಡ ಏರಿದ್ರ ಕೊಯ್ದಲ್ಲಿ ರಕ್ತ ಹೆಚ್ಚು. ಮೂಗಿನ ಒಳಗ ಜಾಗ ಇಕ್ಕಟ್ಟು. ಪಕ್ಕಕ್ಕ ಕಣ್ಣು, ಮ್ಯಾಲೆ ಮಿದುಳು. ರಕ್ತ ತುಂಬಿದ್ರ ಮೂಗಿನೊಳಗ ಇಳಿಸೋ ದುರ್ಬೀನಿಗೆ ಏನೂ ಕಾಣಂಗಿಲ್ಲ. ಕುರುಡರಂಗ ಕತ್ತರಿ ಆಡಿಸಬೇಕೇನು?”

ಅಜ್ಜಯ್ಯ ಹೆಂಡತಿಯ ಸೆರಗಿನಿಂದ ಮಾತ್ರೆಯನ್ನು ಎತ್ತಿಕೊಂಡ. ವೈದ್ಯೆ ಮುಂದುವರಿಸಿದರು:

“ಇದು ಒತ್ತಡ ತಗ್ಗಿಸೋ ಗುಳಿಗಿ. ಬರೀ ಹೆದರಿಕಿ ಕಳೆಯೋದು ಬ್ಯಾರೆ ಐತಿ. ಕೆಲವರಿಗೆ ಅದನ್ನ, ಕೆಲವರಿಗೆ ಇದನ್ನ ಕೊಟ್ಟು ಡಾಕ್ಟ್ರು ಹೋಲಿಸಿ ನೋಡ್ಯಾರ. ಇದನ್ನ ನುಂಗಿದವರಿಗೆ ಒತ್ತಡ ತಗ್ಗಿ, ರಕ್ತನೂ ಕಡಿಮಿ ಹೋಗೈತಿ. ಹಂಗಂತ ಎಲ್ಲರಿಗೂ ಒಗ್ಗಂಗಿಲ್ಲ. ಕೆಲವರಿಗೆ ನಾಡಿ ತೀರಾ ಇಳೀತೈತಿ. ಅದಕ್ಕ ಪರೀಕ್ಷಿ ಮಾಡಿ ಕೊಡ್ತೀವಿ.”

ಅಜ್ಜಯ್ಯ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬೆರಗಾಗಿ ನೋಡಿದ. ಈ ಬಿಳಿಯ ಚೂರಿನ ಹಿಂದೆ ಹೆಸರರಿಯದ ಎಷ್ಟು ರೋಗಿಗಳು, ಹೋದ ರಕ್ತವನ್ನು ಅಳೆಯುತ್ತ ಕುಳಿತ ಎಷ್ಟು ಕಣ್ಣುಗಳು!

“ಪೂಜಿ ಮಾಡ್ಕೊಳ್ರಮ್ಮ,” ಎಂದರು ವೈದ್ಯೆ. “ಇನ್ನೊಬ್ರನ್ನ ಮೊದಲು ಒಳಗ ಕರೀತೀನಿ. ಗುಳಿಗಿ ಕೆಲಸ ಮಾಡಾಕ ಹೊತ್ತು ಬೇಕು. ನಿನ್ನೆಯೇ ಹೇಳಿದ್ದಿದ್ರ ಪೂಜಿಗೂ ಹೊತ್ತು ಇಡ್ತಿದ್ವಲ್ಲ!”

ಹಾಸಿಗೆಯ ಮೇಲೆಯೇ, ಅಂಗೈಯಲ್ಲಿ ಪೂಜೆ ನಡೆಯಿತು. ಮಾತ್ರೆ ಗಂಟಲಿಳಿಯಿತು. ಒತ್ತಡ ತಗ್ಗಿದ ಮೇಲೆಯೇ ಆಕೆಯನ್ನು ಒಳಗೆ ಒಯ್ದರು.

ಮಧ್ಯಾಹ್ನ ಹೊರಬಂದ ವಾಣಿಶ್ರೀ, “ರಕ್ತ ಭಾಳ ಹೋಗಲಿಲ್ಲ. ಎಲ್ಲಾ ಸ್ವಚ್ಛ ಕಂಡ್ತು,” ಎಂದರು. ಎಚ್ಚರವಾದ ಹೆಂಡತಿಯ ಕಿವಿಯ ಬಳಿ ಬಾಗಿ ಅಜ್ಜಯ್ಯ ಪಿಸುಗುಟ್ಟಿದ: “ಲೇ, ಹೊಟ್ಟ್ಯಾಗ ಬಿದ್ದದ್ದು ಮೂಗಿನ ರಕ್ತಕ್ಕ ಹೆಂಗ ಬುದ್ಧಿ ಹೇಳ್ತಲೇ!”

ಓದುಗರೇ, ಭಕ್ತಿ ತಪ್ಪಲ್ಲ, ಮುಚ್ಚಿಡುವುದು ತಪ್ಪು. ವೈದ್ಯರಿಗೆ ಹೇಳುವ ಸುಳ್ಳಿನ ಬೆಲೆಯನ್ನು ತೆರುವುದು ಮೇಜಿನ ಮೇಲೆ ಮಲಗಿದ ಜೀವ. ಮತ್ತೊಬ್ಬರ ಮಾತ್ರೆಯನ್ನು ಕೇಳಿ ನುಂಗಬೇಡಿ, ನಿತ್ಯದ ಬಿ.ಪಿ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿದ್ದರೆ, ಅವರು ನುಂಗುವ ಔಷಧ, ಪಾಲಿಸುವ ನೇಮ ಎರಡನ್ನೂ ಇಂದೇ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿ.