ಪಾಲಾಕ್ಷನ ದೊಡ್ಡ ಟಿವಿ

ಹೊಳೆನರಸೀಪುರದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಪಾಲಾಕ್ಷ ಗೋಡೆಯಗಲದ ಹೊಸ ಟಿವಿ ತಂದ ವಾರದಲ್ಲೇ ಅವಮಾನವೊಂದನ್ನು ಅನುಭವಿಸಿದ. ಅವತ್ತು ಸಂಜೆ ಕ್ರಿಕೆಟ್ ಪಂದ್ಯವಿತ್ತು. ಕೊನೆಯ ಓವರು. ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತ ನಿಂತಿದ್ದಾಗಲೇ ಪಕ್ಕದ ಮನೆಯಿಂದ "ಔಟ್!" ಎಂಬ ಕೂಗು ಕಾಂಪೌಂಡು ದಾಟಿ ಬಂತು. ಪಾಲಾಕ್ಷ ಬಾಯಿ ಬಿಟ್ಟುಕೊಂಡು ಕುಳಿತ. ಆಮೇಲೆ ಬೌಲರ್ ಓಡಿ ಬಂದ, ಚೆಂಡೆಸೆದ, ನಿಜವಾಗಿಯೂ ಔಟಾಯಿತು. ಆದರೆ ಪಾಲಾಕ್ಷನಿಗೆ ಕೂಗಲು ಮನಸ್ಸೇ ಬರಲಿಲ್ಲ. ಹಳಸಿದ ಸುದ್ದಿಗೆ ಯಾರು ಕೂಗುತ್ತಾರೆ?

ಕೂಗಿದವನು ಧನ್ಯಕುಮಾರ್. ಬಸ್‌ಸ್ಟ್ಯಾಂಡಿನ ಹತ್ತಿರ ಪಾತ್ರೆ ಅಂಗಡಿ ಇಟ್ಟಿದ್ದಾನೆ. ಪಾಲಾಕ್ಷನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿದಿರುತ್ತದೆ. ಹಾಗಾಗಿ ಸಂಜೆಯ ಪಂದ್ಯಗಳಿಗೆ ಅವನು ಸದಾ ಸಿದ್ಧ. ಅವನ ಟಿವಿ ಸಣ್ಣದು, ಹಳೆಯದು. ಅದರ ಬೆನ್ನಿಗೆ ಬೆರಳುದ್ದದ ಒಂದು ಸ್ಟಿಕ್ ಸಿಕ್ಕಿಸಿಕೊಂಡು ಇಂಟರ್ನೆಟ್ಟಿನಲ್ಲಿ ಬರುವುದನ್ನೆಲ್ಲ ನೋಡುತ್ತಿದ್ದ.

ಮರುದಿನ ಬೆಳಗ್ಗೆ ಪಾಲಾಕ್ಷ ಕಾಂಪೌಂಡಿನ ಹತ್ತಿರ ಅವನನ್ನು ಹಿಡಿದ.

"ಲೇ ಧನ್ಯ, ನೆನ್ನೆ ಅದೆಂಗ್ಲಾ ಮೊದ್ಲೇ ಕೂಗ್ಬುಟ್ಟೆ?"

"ಮೊದ್ಲೆಲ್ಲಿ ಕೂಗ್ದೆ? ಔಟಾದಾಗ ಕೂಗ್ದೆ. ನಿನ್ ಟಿವಿ ದೊಡ್ಡ ಆಸಾಮಿ ಕಣೋ. ನಿಧಾನಕ್ಕೆ ಮೈ ಮುರ್ಕೊಂಡು ಎದ್ದು ಬರುತ್ತೆ."

ಈ ಮಾತು ಪಾಲಾಕ್ಷನಿಗೆ ನಾಟಿತು. ಅವತ್ತಿನಿಂದ ಪರೀಕ್ಷೆಗಳು ಶುರುವಾದವು. ಒಂದೇ ಹಾಡು, ಒಂದೇ ಪಂದ್ಯ, ಒಂದೇ ಹರಿಕಥೆಯ ನೇರ ಪ್ರಸಾರವನ್ನು ದೊಡ್ಡ ಟಿವಿಯಲ್ಲಿ, ಧನ್ಯಕುಮಾರನ ಸ್ಟಿಕ್ಕಿನಲ್ಲಿ, ಕೈಯಲ್ಲಿದ್ದ ಮೊಬೈಲಿನಲ್ಲಿ ಒಟ್ಟಿಗೆ ಹಚ್ಚಿ ಯಾವುದು ಮೊದಲು, ಯಾವುದು ಹಿಂದೆ, ಯಾವುದು ನಡುವೆ ನಿಲ್ಲುತ್ತದೆ ಎಂದು ಇಬ್ಬರೂ ನೋಡಿದರು. ಪ್ರತಿ ಸಲವೂ ಮೊಬೈಲು ಮುಂದೆ, ಸ್ಟಿಕ್ ಅದರ ಹಿಂದೆ, ದೊಡ್ಡ ಟಿವಿ ಎಲ್ಲರೂ ಉಂಡೆದ್ದ ಮೇಲೆ ಬರುವ ನೆಂಟನ ಹಾಗೆ ಕೊನೆಗೆ. ಅದೂ ಬರುವುದು ಖಾತ್ರಿಯಿಲ್ಲ. ಒಮ್ಮೊಮ್ಮೆ ಪರದೆಯ ನಡುವೆ ಬಿಳಿಯ ಬಳೆಯೊಂದು ಸುತ್ತತೊಡಗಿದರೆ ಹರಿಕಥೆ ದಾಸರು ಎತ್ತಿದ ಕೈ ಇಳಿಸದೆ ನಿಂತುಬಿಡುತ್ತಿದ್ದರು.

"ಮತ್ತೆ ಗಾಣ ಸುತ್ತಕ್ಕೆ ಸುರುವಾಯ್ತಲ್ಲಪ್ಪಾ!" ಎಂದು ಮಂಚದ ಮೇಲಿಂದ ದೊಡ್ಡತಾಯಮ್ಮ ಕೂಗುತ್ತಿದ್ದಳು.

ದೊಡ್ಡತಾಯಮ್ಮ ಪಾಲಾಕ್ಷನ ತಾಯಿ. ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡು, ಹಾಸನದಲ್ಲಿ ರಾಡು ಹಾಕಿಸಿಕೊಂಡು ಬಂದು, ನಡುಮನೆಯ ಮಂಚದಲ್ಲಿ ಮಲಗಿದ್ದಳು. ಪರೀಕ್ಷೆಗಳಿಗೆಲ್ಲ ಅವಳೇ ಸಾಕ್ಷಿ.

"ನಿಂದು ನಾಲೆ ಕೊನೇ ಗದ್ದೆ ಇದ್ದಂಗದೆ ಕಣ್ಲಾ," ಎಂದಳು ಒಂದು ದಿನ. "ಧನ್ಯಂದು ತೂಬಿನ ಪಕ್ಕದ್ದು."

"ಅಂಗಲ್ಲ ಕಣವ್ವಾ. ಇದ್ರಾಗೆ ಚಿತ್ರ ಬಲೇ ಚೊಕ್ಕ. ಅದ್ಕೇ ಜಾಸ್ತಿ ನೀರು ಬೇಕು. ಅವಂದು ಮಬ್ಬು ಚಿತ್ರ, ಬೇಗ ಬತ್ತದೆ."

"ಮಬ್ಬಾದ್ರೂ ಬತ್ತದಲ್ಲ," ಎಂದಳು ದೊಡ್ಡತಾಯಮ್ಮ.

ಇದು ಬರೀ ಕೀಟಲೆಯಾಗಿಯೇ ಮುಗಿಯಬಹುದಿತ್ತು. ಆದರೆ ಅಷ್ಟರಲ್ಲಿ ಭವ್ಯಶ್ರೀಯ ಮದುವೆ ಹತ್ತಿರ ಬಂತು. ಭವ್ಯಶ್ರೀ ಚನ್ನರಾಯಪಟ್ಟಣದಲ್ಲಿರುವ ಪಾಲಾಕ್ಷನ ತಮ್ಮ ಮಂಜುನಾಥನ ಮಗಳು. ಮದುವೆ ಅಲ್ಲೇ, ಹುಡುಗ ಅರಕಲಗೂಡಿನವನು. ಆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿ ಬೆಳೆಸಿದವಳು ದೊಡ್ಡತಾಯಮ್ಮ. ಡಾಕ್ಟರು ಮಾತ್ರ ಕಾರಿನಲ್ಲಿ ಕೂರುವ ಮಾತೇ ಬೇಡ ಎಂದುಬಿಟ್ಟಿದ್ದರು. ಅವಳು ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಗಾಣ ಸುತ್ತಿದರೂ ಕೂಗಲಿಲ್ಲ. ಆ ಮೌನ ಪಾಲಾಕ್ಷನನ್ನು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು.

"ಅವ್ವಾ, ಮದ್ವೆನ ಇಂಟರ್ನೆಟ್ಟಲ್ಲಿ ಬುಡ್ತಾರಂತೆ. ನಾನು ಇಲ್ಲೇ ಇದ್ದು ತೋರಿಸ್ತೀನಿ. ನಿನ್ ಕಣ್ಮುಂದೇನೇ ತಾಳಿ ಕಟ್ತಾನೆ, ನೋಡ್ತಿರು."

ಹೆಂಡತಿ ಕಮಲಾಕ್ಷಮ್ಮ ಒಪ್ಪಲಿಲ್ಲ. "ದೊಡ್ಡಪ್ಪನೇ ಧಾರೆಗೆ ಇಲ್ಲ ಅಂದ್ರೆ ಜನ ಏನಂತಾರೆ? ಅತ್ತೇನ ನಾನು ನೋಡ್ಕತೀನಿ, ನೀವು ಓಗಿ."

"ನಿಂಗೆ ಸೆಟ್ಟಿಂಗ್ಸು ಗೊತ್ತಾಗಾಕಿಲ್ಲ ಕಣೆ."

"ಕೇಳುಸ್ಕಂಡ್ರಾ ಅತ್ತೆ? ನಿಮ್ ಮಗ ಬೀರು ಬೀಗದ ಕೈ ನನ್ ಕೈಗೆ ಕೊಟ್ಟವ್ರೆ. ರಿಮೋಟ್ ಮಾತ್ರ ಕೊಡಾಕಿಲ್ಲ."

ದೊಡ್ಡತಾಯಮ್ಮ ಆಗ ನಕ್ಕಳು. ಹಾಗಾಗಿ ಪಾಲಾಕ್ಷನ ಮಾತೇ ನಡೆಯಿತು. ಮದುವೆಯ ಹಿಂದಿನ ಸಂಜೆ ಆರತಕ್ಷತೆಗೆ ಹೋಗಿ, ದೊಡ್ಡಪ್ಪನ ಮರ್ಯಾದೆ ಸಲ್ಲಿಸಿ, ಕಮಲಾಕ್ಷಮ್ಮನನ್ನು ಅಲ್ಲೇ ಬಿಟ್ಟು ಅವನು ಮನೆಗೆ ಬಂದ.

ಮದುವೆಯ ದಿನ ಬೆಳಗ್ಗೆ ಧನ್ಯಕುಮಾರ್ ಅಂಗಡಿ ತೆರೆಯದೆ, ತನ್ನ ಹಳೆಯ ಟಿವಿಯನ್ನೇ ತಬ್ಬಿಕೊಂಡು ಬಂದ. ಹಿಂದೆ ಅವನ ಹೆಂಡತಿ ಮರುದೇವಿ, ಕೈಯಲ್ಲಿ ಅಕ್ಷತೆಯ ತಟ್ಟೆ.

"ಇದ್ಯಾಕ್ಲಾ ತಂದೆ?" ಎಂದ ಪಾಲಾಕ್ಷ.

"ಇರ್ಲಿ ಬಿಡೋ. ನಿಂದು ಮಲಗಿದ್ರೆ ನಂದು ಎದ್ದಿರುತ್ತೆ."

ಪಾಲಾಕ್ಷ ಮುಖ ಗಂಟಿಕ್ಕಿದ, ಆದರೆ ಬೇಡವೆನ್ನಲಿಲ್ಲ. ಸಣ್ಣ ಟಿವಿ ಟೀಪಾಯಿಯ ಮೇಲೆ ಕೂತಿತು. ಎರಡೂ ಕೈಕೊಟ್ಟರೆ ಇರಲೆಂದು ಮೊಬೈಲನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ನೀರಿನ ಚೊಂಬಿಗೆ ಒರಗಿಸಿಟ್ಟ. ದೊಡ್ಡತಾಯಮ್ಮ ರೇಷ್ಮೆ ಸೀರೆ ಉಡಿಸಿಕೊಂಡು, ಬೆನ್ನಿಗೆ ದಿಂಬು ಇಡಿಸಿಕೊಂಡು, ಮದುವೆಮನೆಯ ಮುಂದಿನ ಸಾಲಿನಲ್ಲಿ ಕೂತವಳ ಗಾಂಭೀರ್ಯದಲ್ಲಿ ಕುಳಿತಳು.

ಮುಹೂರ್ತ ಬಂತು. ಮೊದಲು ಮೊಬೈಲಿನಲ್ಲಿ ಗಟ್ಟಿಮೇಳ ಮೊಳಗಿತು. ಅಂಗೈಯಗಲದ ಚಿತ್ರದಲ್ಲಿ ಯಾರೋ ಯಾರಿಗೋ ತಾಳಿ ಕಟ್ಟಿದರು. ದೊಡ್ಡತಾಯಮ್ಮ "ನೂರು ಕಾಲ ಬಾಳ್ರಪ್ಪಾ" ಎಂದು ಒಂದು ಹಿಡಿ ಅಕ್ಷತೆಯನ್ನು ಬೀಸಿ ಎಸೆದಳು. ಆ ಏಟಿಗೆ ಮೊಬೈಲು ಚೊಂಬಿನಿಂದ ಜಾರಿ ಕವುಚಿ ಬಿತ್ತು.

ಅದನ್ನು ಎತ್ತಿಡುವಷ್ಟರಲ್ಲಿ ಸಣ್ಣ ಟಿವಿಯಲ್ಲಿ ಗಟ್ಟಿಮೇಳ ಶುರುವಾಯಿತು.

"ಅವ್ವಾ, ಇಲ್ಲಿ, ಇಲ್ಲಿ!" ಎಂದ ಧನ್ಯಕುಮಾರ್ ಉಬ್ಬಿಹೋಗಿ.

ಮರುದೇವಿ ತಟ್ಟೆ ಹಿಡಿದಳು. ದೊಡ್ಡತಾಯಮ್ಮ ಇನ್ನೊಂದು ಹಿಡಿ ಎಸೆದಳು. ಧನ್ಯಕುಮಾರನ ತಲೆಯ ಮೇಲೂ ನಾಲ್ಕು ಕಾಳು ಬಿದ್ದವು.

"ನಿಮಗೂ ಇನ್ನೊಂದ್ಸಲ ಮದ್ವೆ ಆದಂಗಾಯ್ತು," ಎಂದಳು ಮರುದೇವಿ.

ಎಲ್ಲರೂ ದೊಡ್ಡ ಟಿವಿಯ ಕಡೆ ತಿರುಗಿದರು. ಅಲ್ಲಿ ಹುಡುಗ ಆಗಷ್ಟೇ ಎದ್ದು ನಿಂತಿದ್ದ. ತಾಳಿ ಎತ್ತಿಕೊಂಡ. ಹುಡುಗಿಯ ಕೊರಳ ಹತ್ತಿರ ತಂದ. ಅಲ್ಲಿಗೆ ನಿಂತ. ಬಿಳಿಯ ಬಳೆ ಅವನ ಮೂಗಿನ ಮೇಲೆ ಸುತ್ತತೊಡಗಿತು.

"ಯಾಕ್ಲಾ ನಿಂತ್ಬುಟ್ಟ?" ದೊಡ್ಡತಾಯಮ್ಮ ಗಾಬರಿಯಾದಳು. "ಗಂಡು ಮನ್ಸು ಬದ್ಲಾಯಿಸ್ಬುಟ್ಟನಾ?"

"ಇಲ್ಲ ಕಣವ್ವಾ, ತಾಳಿ ಕಟ್ಟಾಯ್ತು. ಈಗ್ಲೇ ಎಲ್ಡ್ ಸಲ ನೋಡ್ದಲ್ಲ ನೀನು!"

"ಅಲ್ಲಿ ಕಟ್ದ. ಇಲ್ಲಿನ್ನೂ ಕಟ್ಟಿಲ್ವಲ್ಲ!"

"ಹೆದರಬೇಡಿ ಅವ್ವಾ," ಎಂದ ಧನ್ಯಕುಮಾರ್. "ನಾಮಕರಣದ ಹೊತ್ತಿಗೆ ಪಾಲಾಕ್ಷನ ಟಿವಿಲೂ ತಾಳಿ ಕಟ್ಟಾಗುತ್ತೆ."

ಪಾಲಾಕ್ಷ ಮುಂದಿನ ಕೋಣೆಗೆ ಓಡಿದ. ಅಲ್ಲಿ ಬೀರುವಿನ ಮೇಲಿದ್ದ ವೈಫೈ ಡಬ್ಬಿಯನ್ನು ಇಳಿಸಿಕೊಂಡು, ಹಸುಗೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದು, ವೈರು ಎಳೆಯುವಷ್ಟು ದೂರ ಬಂದು ಬಾಗಿಲ ಸಂದಿಯಲ್ಲಿ ನಿಂತ. ಅದಕ್ಕಿಂತ ಮುಂದೆ ಬರಲು ವೈರು ಸಾಲದು. ಅಲ್ಲಿಂದ ಅವನಿಗೆ ಕಾಣುತ್ತಿದ್ದುದು ಟಿವಿಯ ಪಕ್ಕದ ಅಂಚು ಮಾತ್ರ.

ಬಳೆ ಮಾಯವಾಯಿತು. ಮೂರನೆಯ ಗಟ್ಟಿಮೇಳ ಮನೆ ತುಂಬಿತು.

ದೊಡ್ಡತಾಯಮ್ಮ ಹಿಡಿಯಲ್ಲಿದ್ದ ಅಕ್ಷತೆಯನ್ನು ಎಸೆಯಲಿಲ್ಲ. ಕ್ಯಾಮೆರಾ ಭವ್ಯಶ್ರೀಯ ಮುಖದ ಹತ್ತಿರ ಹೋಗಿತ್ತು. ಗೋಡೆಯಗಲಕ್ಕೂ ಆ ಮುಖವೇ. ಕಿವಿಯಲ್ಲಿ ದೊಡ್ಡತಾಯಮ್ಮ ಕಳಿಸಿದ್ದ ತನ್ನ ಹಳೆಯ ಕೆಂಪು ಕಲ್ಲಿನ ಓಲೆ. ಒಂದೊಂದು ಕಲ್ಲೂ ಎಣಿಸುವ ಹಾಗೆ ಕಾಣುತ್ತಿತ್ತು. ತಾಳಿಯ ಗಂಟು ಬೀಳುವಾಗ ಹುಡುಗಿ ತುಟಿ ಕಚ್ಚಿಕೊಂಡು, ಸಭೆಯ ಮುಂದಿನ ಸಾಲಿನಲ್ಲಿ ಯಾರನ್ನೋ ಹುಡುಕುವಂತೆ ಒಮ್ಮೆ ಕಣ್ಣೆತ್ತಿದಳು.

"ಕೂಸಿನ ಕಣ್ಣಾಗೆ ನೀರವೆ ಕಣ್ಲಾ," ಎಂದಳು ದೊಡ್ಡತಾಯಮ್ಮ ಮೆಲ್ಲಗೆ. "ಆ ಎಲ್ಡ್ರಲ್ಲೂ ಕಂಡಿರ್ನಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಕೊನೆಯ ಹಿಡಿ ಅಕ್ಷತೆಯನ್ನು ಆದಷ್ಟು ಮೇಲಕ್ಕೆ ಹಾರಿಸಿದಳು.

"ಆಯ್ತಾ? ಕಟ್ದನಾ?" ಬಾಗಿಲ ಸಂದಿಯಿಂದ ಪಾಲಾಕ್ಷ ಕೇಳಿದ. "ಯಾರಾದ್ರೂ ಹೇಳ್ರಲಾ, ನಂಗೇನೂ ಕಾಣ್ತಿಲ್ಲ!"

"ಕಟ್ದ ಕಣಪ್ಪಾ," ಎಂದ ಧನ್ಯಕುಮಾರ್. ಎದ್ದು ಹೋಗಿ ಡಬ್ಬಿಯನ್ನು ತನ್ನ ಕೈಗೆ ತೆಗೆದುಕೊಂಡ. "ಹೋಗು, ನೀನೂ ಒಂಚೂರು ನೋಡು. ಚಿತ್ರ ಚೆನ್ನಾಗೇ ಇದೆ."

ಧನ್ಯಕುಮಾರನ ಬಾಯಲ್ಲಿ ಬಂದ ಆ ಮಾತಿಗೆ ಪಾಲಾಕ್ಷ ಎಷ್ಟು ಹಿಗ್ಗಿದನೆಂದರೆ, ಸಪ್ತಪದಿ ನೋಡುತ್ತಲೇ ಅದನ್ನು ಇನ್ನೊಂದು ಸಲ ಹೇಳಿಸಿದ.

ಮಧ್ಯಾಹ್ನ ಊಟ ಮುಗಿಸಿ ಹೆಣ್ಣುಗಂಡು ಅರಕಲಗೂಡಿಗೆ ಹೊರಟವರು ದಾರಿಯಲ್ಲೇ ಇದ್ದ ಅಜ್ಜಿಯ ಮನೆ ಮುಂದೆ ಕಾರು ನಿಲ್ಲಿಸಿದರು. ಜೊತೆಯಲ್ಲಿ ಕಮಲಾಕ್ಷಮ್ಮನೂ ಇಳಿದಳು. ನಡುಮನೆಯ ನೆಲವೆಲ್ಲ ಹಳದಿ ಅಕ್ಕಿ ಚೆಲ್ಲಿದ್ದನ್ನು ಕಂಡು ಸೊಂಟದ ಮೇಲೆ ಕೈಯಿಟ್ಟಳು.

"ಮದ್ವೆ ಅಲ್ಲಾಯ್ತೋ, ಇಲ್ಲಾಯ್ತೋ?"

"ಇಲ್ಲಿ ಮೂರ್ ಸಲ ಆಯ್ತು," ಎಂದಳು ಮರುದೇವಿ.

ಭವ್ಯಶ್ರೀ ಅಜ್ಜಿಯ ಕಾಲು ಮುಟ್ಟಲು ಬಾಗಿದಳು. ಯಾವ ಕಾಲು ಮುರಿದದ್ದೆಂದು ತಿಳಿಯದೆ ಅರ್ಧದಲ್ಲೇ ನಿಂತು, ಕೊನೆಗೆ ಮಂಚದ ಅಂಚಿನಲ್ಲಿ ಕೂತು ಅವಳ ಕೊರಳನ್ನೇ ತಬ್ಬಿದಳು. ಮದುಮಗ ಅನಿಲ್‌ಕುಮಾರನೂ ನಮಸ್ಕಾರ ಮಾಡಿ, ಕೈಕಟ್ಟಿಕೊಂಡು ವಿನಯವಾಗಿ ನಿಂತ. ಆದರೆ ಅವನ ಕಣ್ಣು ಗೋಡೆಯ ಕಡೆ ಹೋಯಿತು.

"ಮಾವ, ಈ ಟಿವಿ ಯಾವಾಗ ತಗಂಡ್ರಿ? ನಮ್ಮನೇಲೂ ಇಂಥದ್ದೇ ಅದೆ. ವೈಫೈ ಬಿಟ್ಬುಟ್ಟು ಸೀದಾ ವೈರನ್ನೇ ಟಿವಿ ಹಿಂದಕ್ಕೆ ಚುಚ್ಚಿದೀನಿ. ಒಂಚೂರೂ ನಿಲ್ಲಾಕಿಲ್ಲ."

ಪಾಲಾಕ್ಷ ಧನ್ಯಕುಮಾರನ ಮುಖ ನೋಡಿದ. ಧನ್ಯಕುಮಾರ್ ಪಾಲಾಕ್ಷನ ಮುಖ ನೋಡಿದ.

"ಸೀದಾ ವೈರಾ? ಎಲ್ಲಿ ಚುಚ್ಚೋದು, ಒಸಿ ತೋರ್ಸಿ ಬನ್ನಿ," ಎಂದು ಪಾಲಾಕ್ಷ ಅಳಿಯನ ಕೈ ಹಿಡಿದ. ಮರುಕ್ಷಣ ಮೂವರೂ ಟಿವಿಯ ಹಿಂದೆ ತಲೆ ತೂರಿಸಿದ್ದರು. ಜರತಾರಿ ಪೇಟ ಅಡ್ಡ ಬರುತ್ತಿತ್ತೆಂದು ಮದುಮಗ ಅದನ್ನು ತೆಗೆದು ಧನ್ಯಕುಮಾರನ ಕೈಗೆ ಕೊಟ್ಟ.

ಹೊರಗೆ ಕಾರಿನ ಹಾರನ್ ಒಮ್ಮೆ ಕೂಗಿ ಸುಮ್ಮನಾಯಿತು. ಭವ್ಯಶ್ರೀ ಏಳಲು ಹೋದಳು. ದೊಡ್ಡತಾಯಮ್ಮ ಅವಳ ಕೈ ಬಿಡಲಿಲ್ಲ.

"ಕೂತ್ಕಳವ್ವಾ. ಅವ್ನು ಈಗೇನ್ ಈಚೆಗೆ ಬರಾಕಿಲ್ಲ," ಎಂದಳು. "ನೀನು ಹೇಳು. ಊಟಕ್ಕೇನ್ ಬಡಿಸಿದ್ರು? ನಿಮ್ಮತ್ತೆ ಎಂಗವ್ರೆ? ಎಲ್ಲಾನೂ ನಿಧಾನಕ್ಕೆ ಹೇಳು."

ಭವ್ಯಶ್ರೀ ಕಾಲು ಮೇಲೆಳೆದುಕೊಂಡು, ಅಜ್ಜಿಯ ದಿಂಬಿಗೆ ಒರಗಿ, ಹೇಳತೊಡಗಿದಳು.